ಏಳರವರೆಗೆ ಒಂದೇ ಬೆಂಚು, ಎಂಟಕ್ಕೆ ಬಂದಾಗ ಬೇರೆ ಬೇರೆ ಮೂಲೆ: ಮಕ್ಕಳ ದೋಸ್ತಿ ಎಲ್ಲಿ ತಪ್ಪುವುದು?

ಹೊಳೆಬದಿ (ವಿಷಯ ಶುರುಮಾಡಿದವರು)
ಶಾಲೆ, ಮಕ್ಕಳು, ಊರಿನ ವ್ಯವಹಾರ ಬಲ್ಲವರು ಇಲ್ಲಿ ತುಂಬ ಮಂದಿ ಇದ್ದೀರಿ, ಅದಕ್ಕೇ ಕೇಳುವುದು. ಮಂಗಳೂರು, ಉಡುಪಿ ಕಡೆಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಏಳರವರೆಗೆ ಬ್ಯಾರಿ (ಇಲ್ಲಿನ ಮುಸ್ಲಿಂ) ಮಕ್ಕಳು, ಕ್ರಿಶ್ಚಿಯನ್ ಮಕ್ಕಳು, ಬಿಲ್ಲವ, ಬಂಟ, ಮೊಗವೀರ, ದಲಿತ ಮಕ್ಕಳು ಎಲ್ಲ ಒಟ್ಟಿಗೆ ಇರ್ತಾರೆ. ಒಂದು ರಬ್ಬರನ್ನು ಎರಡು ತುಂಡು ಮಾಡಿ ಹಂಚಿಕೊಳ್ತಾರೆ. ಎಂಟಕ್ಕೆ ಹೋಗಿ ಒಂದು ವರ್ಷ ಕಳೆಯಲಿಕ್ಕಿಲ್ಲ, ಅದೇ ಮಕ್ಕಳು ಬಸ್ಸಿಗೆ ಕಾಯುವಾಗ ಎರಡು ಮೂಲೆಯಲ್ಲಿ ನಿಲ್ತಾರೆ. ಜಗಳ ಆದದ್ದಿಲ್ಲ. "ಅವನೊಟ್ಟಿಗೆ ಸೇರಬೇಡ" ಅಂತ ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದೂ ಹೆಚ್ಚಿನ ಕಡೆ ಇರುವುದಿಲ್ಲ.

ಇದು ಯಾವ ಜಾಗದಲ್ಲಿ, ಯಾವುದರಿಂದ ಆಗುವುದು? "ಧರ್ಮ" ಅಂತ ಒಂದೇ ಶಬ್ದದಲ್ಲಿ ಮುಗಿಸಬೇಡಿ ದಯವಿಟ್ಟು. ಯಾವ ಹೊತ್ತು, ಯಾವ ನಿಯಮ, ಯಾವ ಅಭ್ಯಾಸ ಅಂತ ಬಿಡಿಸಿ ಹೇಳಿ. ನಾವು ಸರಿಮಾಡ್ಲಿಕ್ಕೆ ಆಗುವಂಥದ್ದು ಎಷ್ಟು ಉಂಟು ಅಂತ ಗೊತ್ತಾಗಬೇಕು.

ಪಡುಬಿದ್ರಿ ಎಕ್ಸ್‌ಪ್ರೆಸ್
ಎಲ್ಲ ರಾಜಕೀಯ. ಬೇರೆ ಎಂತದೂ ಇಲ್ಲ.

ಹಾಜರಿ ಪುಸ್ತಕ
ಹಾಗೆ ಹೇಳಿದ್ರೆ ಮಾತು ಅಲ್ಲಿಗೇ ನಿಂತಿತು ಮಾರಾಯ್ರೆ. ನಾನು ತೀರಾ ಸಣ್ಣದರಿಂದ ಶುರುಮಾಡ್ತೇನೆ: ರೋಲ್ ನಂಬರ್.

ಹಾಜರಿಯನ್ನು ಹೆಸರಿನ ಅಕ್ಷರದ ಕ್ರಮದಲ್ಲಿ ಬರೆಯುವುದು ಹೆಚ್ಚಿನ ಶಾಲೆಯ ಪದ್ಧತಿ. ನಮ್ಮ ಜಿಲ್ಲೆಯಲ್ಲಿ ಮುಸ್ಲಿಂ ಹುಡುಗರಲ್ಲಿ ತುಂಬ ಜನರ ಹೆಸರು ದಾಖಲೆಯಲ್ಲಿ ಮೊಹಮ್ಮದ್ ಅಂತಲೇ ಶುರುವಾಗುವುದು, ಹುಡುಗಿಯರದ್ದು ಫಾತಿಮತ್ ಅಥವಾ ಆಯಿಷತ್. ಪಟ್ಟಿ ಬರೆದಾಗ ಅವರೆಲ್ಲ ಸಾಲಾಗಿ ಒಂದರ ಕೆಳಗೆ ಒಂದು ಬಂದು ಕೂರ್ತಾರೆ. ಆಮೇಲೆ ರೋಲ್ ನಂಬರಿನ ಪ್ರಕಾರ ಬೆಂಚು, ವಿಜ್ಞಾನದ ಪ್ರಯೋಗಕ್ಕೆ ಗುಂಪು, ಪರೀಕ್ಷೆಯ ಕೋಣೆ, ಅಂಗಳ ಗುಡಿಸುವ ಪಾಳಿ. ಹತ್ತು ತಿಂಗಳು ಒಂದು ಮಗು ಮಾತಾಡುವುದು ತನ್ನ ನಂಬರಿನ ಆಚೆ ಈಚೆಯ ಮೂರು ಮೂರು ಜನರ ಹತ್ತಿರ. ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ಆಗುವುದು ಅದೇ.

ಹುಟ್ಟಿದ ದಿನಾಂಕದ ಕ್ರಮದಲ್ಲಿ ಬರೆದರೆ ಇಷ್ಟೂ ಹೋಗ್ತದೆ. ಒಂದು ಪೈಸೆ ಖರ್ಚಿಲ್ಲ. ದಾಖಲಾತಿ ನಂಬರಿನ ಕ್ರಮ ಬೇಡ: ಒಂದೇ ಓಣಿಯ ತಾಯಂದಿರು ಒಂದೇ ದಿನ ಬಂದು ಸೇರಿಸ್ತಾರೆ, ಅದರಲ್ಲೂ ಪುನಃ ಅದೇ ಗುಂಪು.

ಕುಲಶೇಖರ ಟೀಚರ್
ಇದು ನೂರಕ್ಕೆ ನೂರು ಹೌದು. ಅದಕ್ಕಿಂತ ದೊಡ್ಡದು ಭಾಷೆಯ ಆಯ್ಕೆ. ಹೈಸ್ಕೂಲಿನಲ್ಲಿ ಪ್ರಥಮ ಭಾಷೆಗೆ ಎಸೆಸೆಲ್ಸಿಯಲ್ಲಿ 125 ಅಂಕ, ಒಟ್ಟು 625. ಸಂಸ್ಕೃತದಲ್ಲಿ 125ಕ್ಕೆ 125 ಸಿಗ್ತದೆ ಅಂತ ಒಂದು ವರ್ಗದ ಪೋಷಕರು ಅದನ್ನೇ ತೆಗೆಸ್ತಾರೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಕನ್ನಡ. ಕೆಲವು ಕಡೆ ತೃತೀಯ ಭಾಷೆಗೆ ಅರೇಬಿಕ್ ಕೂಡ ಉಂಟು. ಆಡಳಿತದವರು ವೇಳಾಪಟ್ಟಿ ಸುಲಭ ಆಗಲಿ ಅಂತ ಸಂಸ್ಕೃತದವರನ್ನೆಲ್ಲ "ಎ" ಸೆಕ್ಷನ್‌ಗೆ, ಕನ್ನಡದವರನ್ನು "ಬಿ"ಗೆ ಹಾಕ್ತಾರೆ. ಜಾತಿ ಪಟ್ಟಿ ನೋಡಿ ಭಾಗ ಮಾಡಿದ್ದರೂ ಇಷ್ಟು ಚೊಕ್ಕ ಬರ್ತಿರಲಿಲ್ಲ. ಆಮೇಲೆ "ಎ"ಯವರು ಬುದ್ಧಿವಂತರು, "ಬಿ"ಯವರು ಗಲಾಟೆಯವರು ಅಂತ ಸ್ಟಾಫ್ ರೂಮಿನಲ್ಲೇ ಮಾತು ಹುಟ್ಟುತ್ತದೆ. ಮಕ್ಕಳಿಗೆ ಅದು ಮುಟ್ಟುವುದಕ್ಕೆ ಒಂದು ವಾರ ಬೇಡ.

ಸೆಕ್ಷನ್ ಬೆರೆಸಿಯೇ ಮಾಡಬೇಕು. ಭಾಷೆಯ 40 ನಿಮಿಷದ ಪಿರಿಯಡ್ ಮಾತ್ರ ಎರಡೂ ಸೆಕ್ಷನ್‌ಗೆ ಒಂದೇ ಹೊತ್ತಿಗೆ ಇಟ್ಟು, ಆಗ ಮಕ್ಕಳು ಎದ್ದು ತಮ್ಮ ತಮ್ಮ ಭಾಷೆಯ ಕೋಣೆಗೆ ಹೋಗಬೇಕು.

ವೇಳಾಪಟ್ಟಿ
ಟೀಚರ್, ಹೇಳ್ಲಿಕ್ಕೆ ಸುಲಭ. ಲೆಕ್ಕ ಹಾಕಿ. ಎರಡು ಸೆಕ್ಷನ್ ಸೇರಿ 80 ಮಕ್ಕಳು ಅಂತ ಇಟ್ಟುಕೊಳ್ಳಿ, ಸಂಸ್ಕೃತ 26, ಕನ್ನಡ 54. ಕನ್ನಡದ 54 ಮಂದಿ ಒಂದು ಕೋಣೆಯಲ್ಲಿ ಹಿಡಿಯುವುದಿಲ್ಲ. ಎರಡು ಮಾಡಬೇಕಾದ್ರೆ ಒಂದೇ ಪಿರಿಯಡ್‌ನಲ್ಲಿ ಇಬ್ಬರು ಕನ್ನಡ ಟೀಚರ್, ಒಬ್ಬರು ಸಂಸ್ಕೃತ, ಮೂರು ಕೋಣೆ ಬೇಕು. ಒಂಬತ್ತು, ಹತ್ತಕ್ಕೂ ಅದೇ ಕನ್ನಡ ಟೀಚರ್ ಆದರೆ ಎಲ್ಲ ಕಡೆ ಗಂಟು ಬೀಳ್ತದೆ. ಅನುದಾನಿತ ಶಾಲೆಯಲ್ಲಿ ನಿವೃತ್ತರಾದವರ ಹುದ್ದೆ ಖಾಲಿ ಬಿದ್ದದ್ದು ನಿಮಗೂ ಗೊತ್ತುಂಟು.

ಕುಲಶೇಖರ ಟೀಚರ್
ಗೊತ್ತುಂಟು ಸರ್. ಆದರೂ ದಾರಿ ಉಂಟು. ಪಿ.ಟಿ., ಚಿತ್ರಕಲೆ, ಲೈಬ್ರರಿ, ಕಂಪ್ಯೂಟರ್ ಪಿರಿಯಡ್‌ಗಳನ್ನು ಸೆಕ್ಷನ್ ಬಿಟ್ಟು ಬೆರೆಸಬಹುದಲ್ಲ? ವಾರಕ್ಕೆ ನಾಲ್ಕು ಪಿರಿಯಡ್ ಸಿಕ್ಕಿದರೂ ಮಕ್ಕಳಿಗೆ ಅದು ದೊಡ್ಡದು. ಅದಕ್ಕೆ ಹೆಚ್ಚುವರಿ ಟೀಚರ್ ಬೇಡ.

ವೇಳಾಪಟ್ಟಿ
ಅದು ಆಗ್ತದೆ. ಪಿ.ಟಿ. ಮೈದಾನದಲ್ಲಿ ಮೊದಲು ಮಾಡಬಹುದು, ಕೋಣೆಯ ಪ್ರಶ್ನೆಯೇ ಇಲ್ಲ. ಒಪ್ಪಿದೆ.

ಸಂಜೆ ಆರೂವರೆ
ಶಾಲೆಯ ಒಳಗಿನದ್ದು ಹೇಳಿದಿರಿ, ಹೊರಗಿನ ಗಡಿಯಾರ ನೋಡಿ. ಈ ಊರಿನಲ್ಲಿ ಮೂರು ಬಗೆಯ ಮನೆಯ ಮಕ್ಕಳಿಗೆ ಬಿಡುವು ಬೇರೆ ಬೇರೆ ಹೊತ್ತಿಗೆ ಸಿಗುವುದು. ಬ್ಯಾರಿ ಮಕ್ಕಳಿಗೆ ಬೆಳಿಗ್ಗೆ ಶಾಲೆಗೆ ಮೊದಲು ಮದ್ರಸ, ಶುಕ್ರವಾರ ರಜೆ. ಕೊಂಕಣಿ ಕ್ರಿಶ್ಚಿಯನ್ ಮಕ್ಕಳಿಗೆ ಆದಿತ್ಯವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ, ಅದರ ಹಿಂದೆಮುಂದೆ ದೊತೊರ್ನ್ (ಧರ್ಮದ ಪಾಠ). ಹಿಂದೂ ಮಕ್ಕಳಿಗೆ ಶನಿವಾರ ಸಂಜೆ ಭಜನಾ ಮಂದಿರ, ಕೆಲವರಿಗೆ ಆದಿತ್ಯವಾರ ಯಕ್ಷಗಾನದ ಹೆಜ್ಜೆ, ಭರತನಾಟ್ಯ. ಆದಿತ್ಯವಾರ ಬೆಳಿಗ್ಗೆ ಹತ್ತಕ್ಕೆ ಮೈದಾನಕ್ಕೆ ಯಾರು ಬರಬಹುದು ಅಂತ ನೀವೇ ಎಣಿಸಿ.

ಎಲ್ಲರಿಗೂ ಒಟ್ಟಿಗೆ ಸಿಗುವುದು ವಾರದ ದಿನದ ಸಂಜೆ ಮಾತ್ರ, ಅದೂ ಮುಸ್ಸಂಜೆಯವರೆಗೆ. ಹೊತ್ತು ಮುಳುಗುವಾಗ ಒಂದು ಮನೆಯಿಂದ ಮಗ್ರಿಬ್ ನಮಾಜಿಗೆ ಕರೀತಾರೆ, ಇನ್ನೊಂದರಿಂದ ತೇರ್ಸ್‌ಗೆ (ಜಪಮಾಲೆಯ ಪ್ರಾರ್ಥನೆಗೆ), ಮತ್ತೊಂದರಿಂದ ಕೈಕಾಲು ತೊಳೆದು ದೀಪದ ಮುಂದೆ ಕೂರ್ಲಿಕ್ಕೆ. ಮೂವರೂ ಒಂದೇ ಹೊತ್ತಿಗೆ ಓಡುವುದು. ಈ ಒಂದು ವಿಷಯದಲ್ಲಿ ಮೂರು ಮನೆಗೂ ಭೇದ ಇಲ್ಲ. ನವೆಂಬರಿನಲ್ಲಿ ಇಲ್ಲಿ ಆರು ಗಂಟೆಯ ಹೊತ್ತಿಗೇ ಸೂರ್ಯ ಮುಳುಗ್ತದೆ, ಜುಲೈಯಲ್ಲಿ ಏಳರ ಹತ್ತಿರ, ಆದರೆ ಜುಲೈಯಲ್ಲಿ ಮಳೆ. ಹೀಗೆ ಆಟದ ಹೊತ್ತು ಅಂತ ಉಳಿಯುವುದು ನಾಲ್ಕೂವರೆಯಿಂದ ಆರು. ಎಂಟನೇ ಕ್ಲಾಸಿಗೆ ಟ್ಯೂಷನ್ ಶುರುವಾಗ್ತದೆ, ಅದನ್ನು ಇಡುವುದು ಸರಿಯಾಗಿ ಈ ಒಂದೂವರೆ ಗಂಟೆಯಲ್ಲೇ.

ಕಾಪು ಲೈಟ್‌ಹೌಸ್
ಒಂದು ತಿದ್ದುಪಡಿ. ಮದ್ರಸ ಎಲ್ಲ ಕಡೆ ಬೆಳಿಗ್ಗೆ ಅಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು ಬೇಗ ಬರುವ ಕಡೆ ಸಂಜೆಗೆ, ರಾತ್ರಿಗೆ ಹಾಕಿದ್ದುಂಟು. ಅಲ್ಲಿ ಸಂಜೆಯ ಆಟವೂ ಹೋಯ್ತು.

ಸಂಜೆ ಆರೂವರೆ
ಹೌದು ಅಣ್ಣ, ಅದು ಬಿಟ್ಟುಹೋಗಿತ್ತು. ಶಾಲೆ ಬಸ್ಸಿನ ಮಕ್ಕಳದ್ದು ಬೇರೆಯೇ ಕಥೆ. ಬೆಲ್ ಹೊಡೆದು ಹತ್ತು ನಿಮಿಷದಲ್ಲಿ ಬಸ್ಸು ಹೊರಡ್ತದೆ. ಲೈನ್ ಬಸ್ಸಿನಲ್ಲಿ ಪಾಸ್ ಹಿಡಿದು ಹೋಗುವವನಿಗೆ ಒಂದು ಬಸ್ಸು ತಪ್ಪಿದ್ರೆ ಇನ್ನೊಂದು, ಅಷ್ಟು ಹೊತ್ತು ದೋಸ್ತಿಗೆ ಸಿಗ್ತದೆ.

ಚಾವಡಿ
ಮಳೆಯ ಮಾತು ಬಂತಲ್ಲ, ಅದು ಮುಖ್ಯ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಇಲ್ಲ, ಆಟ ಮನೆಯೊಳಗೆ. ಆಗ ಪ್ರಶ್ನೆ ಬರುವುದು ಯಾರು ಯಾರ ಮನೆಯ ಎಲ್ಲಿಯವರೆಗೆ ಹೋಗಬಹುದು ಅಂತ. ಅಂಗಳ, ಜಗಲಿ, ಚಾವಡಿ, ಅಡುಗೆಕೋಣೆ – ತುಳುನಾಡಿನ ಮನೆಯಲ್ಲಿ ಇದು ನಾಲ್ಕು ಮೆಟ್ಟಿಲು. ಒಂದು ಮಗು ಜಗಲಿಯಲ್ಲೇ ಕೂತು ಚೆನ್ನೆಮಣೆ ಆಡ್ತದೆ, ಇನ್ನೊಂದು ಸೀದಾ ಅಡುಗೆಕೋಣೆಗೆ ಹೋಗಿ ನೀರು ಕುಡೀತದೆ. ಯಾರೂ ಬೋರ್ಡು ಹಾಕಿಲ್ಲ. ನೀರನ್ನು ಯಾವ ಲೋಟದಲ್ಲಿ ತಂದುಕೊಟ್ಟರು, ಆ ಲೋಟ ತಿರುಗಿ ಒಳಗೆ ಹೋಯಿತಾ, ಹೊರಗಿನ ಕಲ್ಲಿನ ಮೇಲೆ ಉಳಿಯಿತಾ ಅಂತ ಎಂಟು ವರ್ಷದ ಮಗು ನೋಡ್ತದೆ. ನೋಡಿದ್ದನ್ನು ಹೇಳುವುದಿಲ್ಲ, ಮರುದಿನದಿಂದ ಬರುವುದಿಲ್ಲ ಅಷ್ಟೆ.

ತಡ್ಪೆ
ಚೆನ್ನೆಮಣೆಗೆ ಈಗ ಕಾಯಿಯೇ ಸಿಗುವುದಿಲ್ಲ. 14 ಗುಳಿ, ಗುಳಿಗೆ 4, ಒಟ್ಟು 56 ಮಂಜೊಟ್ಟಿ ಬೇಕಲ್ಲ. ಹುಣಸೆಬೀಜ ಹಾಕಿ ಆಡ್ತಾರೆ.

ಧಣಿ-ಒಕ್ಕಲು
ಎಲ್ಲರೂ ಧರ್ಮದ ಸುತ್ತ ತಿರುಗ್ತಿದ್ದೀರಿ. ವರ್ಗದ ಮಾತು ತುಳುವಿನ ಸರ್ವನಾಮದಲ್ಲೇ ಕೂತುಕೊಂಡಿದೆ. "ಈ" ಅಂದರೆ ನೀನು, "ಈರ್" ಅಂದರೆ ನೀವು. ತೋಟದ ಕೆಲಸಕ್ಕೆ ಬರುವ ಐವತ್ತು ವರ್ಷದ ಹೆಂಗಸು ಧಣಿಗಳ ಹತ್ತು ವರ್ಷದ ಹುಡುಗನಿಗೆ "ಈರ್" ಅನ್ನುವುದು, ಆ ಹುಡುಗ ಅವರಿಗೆ "ಈ" ಅನ್ನುವುದು ಹಳ್ಳಿಯ ಕಡೆ ಇನ್ನೂ ಕಿವಿಗೆ ಬೀಳ್ತದೆ. ಆ ಹೆಂಗಸಿನ ಮೊಮ್ಮಗ ಅದೇ ಹುಡುಗನ ಕ್ಲಾಸ್‌ಮೇಟ್. ಶಾಲೆಯಲ್ಲಿ ಇಬ್ಬರೂ "ಈ" ಅಂತ ಕರೀತಾರೆ. ಮನೆಯ ಅಂಗಳದಲ್ಲಿ ಅಜ್ಜಿಯ ಎದುರು ಅವನು ಯಾವುದನ್ನು ಬಳಸಬೇಕು? ಹೆಚ್ಚಿನ ಮಕ್ಕಳು ಅಲ್ಲಿ ಹೆಸರೂ ಇಲ್ಲ, "ಈ"ಯೂ ಇಲ್ಲ, ಮಾತನ್ನೇ ಸುತ್ತಿಬಳಸಿ ಆಡ್ತಾರೆ.

ಪರಿಹಾರ ದೊಡ್ಡ ಮನೆಯವರ ಕೈಯಲ್ಲಿ ಉಂಟು. ತಮ್ಮ ಮಗುವಿಗೆ ಮೂರನೇ ವರ್ಷದಿಂದಲೇ ಕೆಲಸಕ್ಕೆ ಬರುವ ದೊಡ್ಡವರಿಗೆಲ್ಲ "ಈರ್" ಹೇಳಿಸಬೇಕು, ಹೆಸರಿನ ಮುಂದೆ ಅಕ್ಕ, ಅಣ್ಣ ಸೇರಿಸಬೇಕು. ಹತ್ತು ವರ್ಷ ಆದ ಮೇಲೆ ಕಲಿಸಿದ್ರೆ ನಾಲಗೆ ತಿರುಗುವುದಿಲ್ಲ.

ಮುಡಿ ಅಕ್ಕಿ
ಇದಕ್ಕೆ ಹಿಂದಿನದ್ದೂ ಸೇರಿಸಿ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಚಾಲಗೇಣಿ ಒಕ್ಕಲುಗಳು (ಧಣಿ ಬೇಕಾದಾಗ ಬಿಡಿಸಬಹುದಾಗಿದ್ದ ಗೇಣಿದಾರರು) ಡಿಕ್ಲರೇಶನ್ ಅರ್ಜಿ ಕೊಟ್ಟು ತಾವು ಉಳುತ್ತಿದ್ದ ಗದ್ದೆಯನ್ನು ತಮ್ಮದು ಮಾಡಿಕೊಂಡರು. ಗೇಣಿ ಅಕ್ಕಿ ಹೊತ್ತು ಧಣಿಗಳ ಅಂಗಳಕ್ಕೆ ಹೋಗುವುದು ನಿಂತಿತು. ಎಷ್ಟೋ ಒಕ್ಕಲು ಮನೆಯ ಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತಿದ್ದು ಆಮೇಲೆ. ಧಣಿಯ ಮಗ, ಒಕ್ಕಲಿನ ಮಗ ಒಂದೇ ಬೆಂಚಿನಲ್ಲಿ ಸಮ ಆಗಿ ಕೂರ್ಲಿಕ್ಕೆ ಈ ಕಾನೂನಿನ ಪಾಲು ದೊಡ್ಡದು. ಆದರೆ ಗದ್ದೆ ಕಳೆದುಕೊಂಡ ಮನೆಯಲ್ಲಿ ಅದರ ಕಹಿ ಒಂದು ತಲೆಮಾರು ಉಳೀತು, "ಆ ಮನೆಯವರೊಟ್ಟಿಗೆ ಮಾತು ಬೇಡ" ಅಂತ ಮಕ್ಕಳಿಗೆ ಹೇಳಿದ್ದೂ ಉಂಟು. ಗದ್ದೆಯಿಲ್ಲದ ಕೂಲಿಯವರಿಗೆ ಆಗ ಸಿಕ್ಕಿದ್ದು ಕಡಿಮೆ, ಅದನ್ನೂ ಮರೀಬಾರದು.

ಕೋರ್ಟುಗುಡ್ಡೆ
ಬೆಂಚಿನ ಮಾತಾದರೆ ಕುದ್ಮುಲ್ ರಂಗರಾಯರನ್ನು ಬಿಟ್ಟು ಆಗುವುದಿಲ್ಲ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಆಗ ಬೇರೆ ಶಾಲೆಯಲ್ಲಿ ಈ ಮಕ್ಕಳನ್ನು ಒಳಗೆ ಕೂರಿಸುತ್ತಿರಲಿಲ್ಲ, ಹಾಗಾಗಿ ಪ್ರತ್ಯೇಕ ಶಾಲೆಯೇ ಬೇಕಾಯ್ತು. ಒಟ್ಟಿಗೆ ಕೂರುವುದು ಅನ್ನುವುದೇ ಹೊಸ ವಿಷಯ ಈ ಊರಿಗೆ. ಅಜಲು ಪದ್ಧತಿಯನ್ನು (ಕೊರಗ ಬುಡಕಟ್ಟಿನವರಿಂದ ಹೀನಾಯ ಚಾಕರಿ ಮಾಡಿಸುವುದನ್ನು) ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ, ಮೊನ್ನೆ ಮೊನ್ನೆ. ಇವತ್ತು ಕೊರಗ ಮಗುವಿನ ಪಕ್ಕದಲ್ಲಿ ಕೂರುವವರು ಯಾರು ಅಂತ ಮೊದಲು ನೋಡಿ, ಹಿಂದೂ–ಮುಸ್ಲಿಂ ದೋಸ್ತಿಯ ಲೆಕ್ಕ ಆಮೇಲೆ.

ಪಡುಬಿದ್ರಿ ಎಕ್ಸ್‌ಪ್ರೆಸ್
ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಸರಿಯಾದ ಮಾತು.

ರಥಬೀದಿ
ಒಂದೊಂದು ಸಮುದಾಯವೂ ತನ್ನ ಶಾಲೆ ಕಟ್ಟಿಕೊಂಡ ಊರು ಇದು. ಬಾಸೆಲ್ ಮಿಷನ್‌ನವರು 1834ರಲ್ಲಿ ಬಂದರು, ಜೆಸುಯಿಟ್ ಪಾದ್ರಿಗಳ ಅಲೋಶಿಯಸ್ ಕಾಲೇಜು 1880, ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಹೈಸ್ಕೂಲ್ 1891. ಇವೆಲ್ಲ ಎಲ್ಲರಿಗೂ ಬಾಗಿಲು ತೆರೆದವು, ಆ ಹೆಮ್ಮೆ ಇರಲಿ. ಹಾಗಾಗಿ ಸಮುದಾಯದ ಶಾಲೆಯೇ ದೋಸ್ತಿ ಮುರಿಯುವುದು ಅನ್ನುವ ವಾದ ನನಗೆ ಒಪ್ಪಿಗೆ ಇಲ್ಲ. ಮುರಿಯುವುದು ಫೀಸು.

ನೆರೆಹೊರೆ ಶಾಲೆ
ರಥಬೀದಿಯವರೇ, ಫೀಸಿಗೆ ಮದ್ದು ಅಂತ ಇದ್ದದ್ದು ಆರ್‌ಟಿಇ, ಶಿಕ್ಷಣ ಹಕ್ಕು ಕಾಯ್ದೆ. ಕಾಯ್ದೆ 2009ರದ್ದು, ಜಾರಿ 2010ರ ಏಪ್ರಿಲ್ 1ಕ್ಕೆ. 12(1)(ಸಿ) ಪ್ರಕಾರ ಅನುದಾನ ಇಲ್ಲದ ಖಾಸಗಿ ಶಾಲೆ ಪ್ರವೇಶ ತರಗತಿಯಲ್ಲಿ ಕಡಿಮೆ ಎಂದರೆ 25 ಶೇಕಡಾ ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು. ಇಲ್ಲಿ ಎರಡು ಕಡೆ ತೂತು ಬಿತ್ತು. 2012ರಲ್ಲಿ, ಆಮೇಲೆ 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಸಂಸ್ಥೆಗಳನ್ನು ಇದರಿಂದ ಹೊರಗಿಟ್ಟಿತು. ಮಂಗಳೂರಿನಲ್ಲಿ ಅಂಥ ಶಾಲೆಗಳು ತುಂಬ ಉಂಟು. ಮತ್ತೆ 2019ರಲ್ಲಿ ರಾಜ್ಯ ಸರಕಾರ ನಿಯಮ ಬದಲಿಸಿ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಈ ಸೀಟು ಇಲ್ಲ ಅಂತ ಮಾಡಿತು. ನಮ್ಮ ಜಿಲ್ಲೆಯಲ್ಲಿ ಸರಕಾರಿ ಶಾಲೆ ಇಲ್ಲದ ಊರು ಎಲ್ಲಿ ಉಂಟು? ಅಲ್ಲಿಗೆ ಮುಗೀತು. ಆಟೋ ಓಡಿಸುವವರ ಮಗಳು, ಡಾಕ್ಟರ ಮಗಳು ಒಂದನೇ ಕ್ಲಾಸಿನಲ್ಲಿ ಪರಿಚಯ ಆಗುವ ಬಾಗಿಲು ಅದೊಂದೇ ಆಗಿತ್ತು.

ವೇಳಾಪಟ್ಟಿ
ಪರಿಚಯ ಆಗುವುದು ಹೌದು. ಆದರೆ ಆ ಸೀಟಿನ ಮಕ್ಕಳ ಹೆಸರಿನ ಎದುರು ಕೆಂಪು ಶಾಯಿಯಲ್ಲಿ "ಆರ್‌ಟಿಇ" ಅಂತ ಬರೆಯುವುದು, ಪ್ರವಾಸದ ದುಡ್ಡು ಕೇಳುವಾಗ ಎಲ್ಲರ ಎದುರು ಹೇಳುವುದು ಇದ್ದರೆ ಸೀಟು ಕೊಟ್ಟೂ ಪ್ರಯೋಜನ ಇಲ್ಲ.

ನಾಡಕಚೇರಿ
ಅದೇ ತಪ್ಪು ಸರಕಾರಿ ಶಾಲೆಯಲ್ಲೂ ಆಗುವುದು, ಸ್ಕಾಲರ್‌ಶಿಪ್ ಹೊತ್ತಿಗೆ. "ಜಾತಿ ಸರ್ಟಿಫಿಕೇಟ್ ಕೊಡದವರು ಎದ್ದು ನಿಲ್ಲಿ, ಕೆಟಗರಿ ಒಂದು ಯಾರು, 2ಎ ಯಾರು, 2ಬಿ ಯಾರು, ಎಸ್‌ಸಿ ಎಸ್‌ಟಿ ಈ ಕಡೆ ಬನ್ನಿ" – ಐದು ನಿಮಿಷದಲ್ಲಿ ಇಡೀ ಕ್ಲಾಸಿಗೆ ಯಾರು ಯಾರು ಎಂತ ಅಂತ ಗೊತ್ತಾಗ್ತದೆ. ಅದುವರೆಗೆ ಗೊತ್ತಿರದ ಮಕ್ಕಳಿಗೂ.

ಎದ್ದು ನಿಲ್ಲಿಸುವ ಅಗತ್ಯವೇ ಇಲ್ಲ. ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ನಂಬರ್ ಇರ್ತದೆ, ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅದನ್ನೇ ಹಾಕುವುದು. ಜೂನಿನಲ್ಲಿ ಎಲ್ಲ ಮಕ್ಕಳಿಗೂ, ಬೇಕಾದವರಿಗೂ ಬೇಡದವರಿಗೂ, ಒಂದೇ ಬಗೆಯ ಚೀಟಿ ಮನೆಗೆ ಕಳಿಸಿ. ನಂಬರ್ ಬರೆದು, ಇಲ್ಲದವರು ಖಾಲಿ ಬಿಟ್ಟು, ಮಡಚಿ ತರಲಿ. ಆದಾಯ ಪ್ರಮಾಣಪತ್ರ 5 ವರ್ಷ ನಡೀತದೆ, ಪ್ರತಿ ವರ್ಷ ಕೇಳಿ ಮಕ್ಕಳನ್ನು ಪುನಃ ಪುನಃ ನಿಲ್ಲಿಸಬೇಡಿ. ಅವಧಿ ಮುಗಿಯುವ ತಿಂಗಳನ್ನು ಕಚೇರಿಯ ರಿಜಿಸ್ಟರ್‌ನಲ್ಲಿ ಬರೆದಿಟ್ಟರೆ ಸಾಕು.

ಕುಚ್ಚಲಕ್ಕಿ
ಬಿಸಿಯೂಟದ ಮಾತು ಯಾರೂ ಎತ್ತಲಿಲ್ಲ. ನಮ್ಮ ಮಕ್ಕಳ ಹೊಟ್ಟೆಗೆ ಹಿಡಿಸುವುದು ಕುಚ್ಚಲಕ್ಕಿ, ಎಂಒ4 ತಳಿಯ ಕೆಂಪು ಅನ್ನ. ಬರುವುದು ಬೆಳ್ತಿಗೆ (ಬಿಳಿ) ಅಕ್ಕಿ.

ಹೊಳೆಬದಿ
ಅಕ್ಕಿ ಬೇರೆ ಚರ್ಚೆಯಲ್ಲಿ ಮಾತಾಡುವ. ಬಿಸಿಯೂಟ ದೋಸ್ತಿಗೆ ಎಂತ ಮಾಡ್ತದೆ ಅದು ಹೇಳಿ.

ಕುಚ್ಚಲಕ್ಕಿ
ಒಟ್ಟಿಗೆ ಉಣ್ಣುವುದಕ್ಕಿಂತ ದೊಡ್ಡದು ಬೇರೆ ಇಲ್ಲ. ತಪ್ಪುವುದು ಮೊಟ್ಟೆಯ ದಿನ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಂತ ನಿಯಮ, ಅದು ಸರಿಯೇ. ಆದರೆ ಬಡಿಸುವವರಿಗೆ ಸುಲಭ ಆಗಲಿ ಅಂತ "ಮೊಟ್ಟೆಯವರು ಈ ಸಾಲು, ಬಾಳೆಹಣ್ಣಿನವರು ಆ ಸಾಲು" ಮಾಡ್ತಾರೆ. ಅಲ್ಲಿಗೆ ಪಂಕ್ತಿ ಬಂತು. ಮಕ್ಕಳು ಎಲ್ಲಿ ಬೇಕೋ ಅಲ್ಲಿ ಮೊದಲು ಕೂರಲಿ. ಯಾರಿಗೆ ಏನು ಅಂತ ಪೋಷಕರು ವರ್ಷದ ಶುರುವಿಗೆ ಬರೆದು ಕೊಟ್ಟ ಪಟ್ಟಿ ಅಡುಗೆಯವರ ಹತ್ತಿರ ಇರಲಿ. ಎರಡು ಪಾತ್ರೆ ಹಿಡಿದು ಒಬ್ಬರೇ ಒಂದೇ ಸಾಲಿನಲ್ಲಿ ಹೋಗಲಿ, ಕೂತಲ್ಲಿಗೇ ಬಡಿಸಲಿ. ನೂರು ಮಕ್ಕಳಿಗೆ ಐದಾರು ನಿಮಿಷ ಹೆಚ್ಚು ಹಿಡೀಬಹುದು.

ಬನ್ಸ್ ಭಾಜಿ
ಹುಟ್ಟಿದಹಬ್ಬಕ್ಕೆ ಮನೆಗೆ ಕರೆಯುವವರಿಗೂ ಇದೇ ತೊಂದರೆ. ಎಲ್ಲ ಮಕ್ಕಳೂ ಅನುಮಾನ ಇಲ್ಲದೆ ತಿನ್ನುವಂಥದ್ದು ಬೇಕಾದರೆ: ಮೊಟ್ಟೆ ಹಾಕದ ಕೇಕು ಅಂತ ಕೇಳಿಯೇ ತನ್ನಿ. ಜೆಲ್ಲಿ, ಮಾರ್ಷ್‌ಮೆಲೋ ಬೇಡ, ಜೆಲಾಟಿನ್ ಯಾವುದರದ್ದು ಅಂತ ಸಸ್ಯಾಹಾರಿಗಳಿಗೂ ಮುಸ್ಲಿಂ ಮನೆಯವರಿಗೂ ಪ್ರಶ್ನೆ. ಕ್ರಿಸ್ಮಸ್ ಪ್ಲಮ್ ಕೇಕಿನಲ್ಲಿ ರಮ್ ಹಾಕಿದ್ದಾರಾ ಕೇಳಿ. ಕೋಳಿ ಮಾಡುವುದಾದರೆ ಹಲಾಲ್ ಅಂಗಡಿಯದ್ದು ತನ್ನಿ, ಅದನ್ನು ಮಗುವಿನ ತಾಯಿಗೆ ಮೊದಲೇ ಫೋನು ಮಾಡಿ ಹೇಳಿ. ಶನಿವಾರ, ಸೋಮವಾರ ಎಷ್ಟೋ ಹಿಂದೂ ಮನೆಯಲ್ಲಿ ಮೀನು ಮಾಂಸ ಇಲ್ಲ. ಕರೆಜ್ಮ್ (ಈಸ್ಟರಿಗೆ ಮೊದಲಿನ ಉಪವಾಸದ ಕಾಲ) ಹೊತ್ತಿನಲ್ಲಿ ಶುಕ್ರವಾರ ಕ್ರಿಶ್ಚಿಯನ್ನರಿಗೆ ಮಾಂಸ ಇಲ್ಲ. ಕರೆಜ್ಮ್ ಶುರುವಾಗುವ ಬುಧವಾರ ಒಂದು ಬಿಟ್ಟರೆ ಬುಧವಾರ ಹೆಚ್ಚಿನವರಿಗೆ ಅಡ್ಡಿಯಿಲ್ಲ. ಬನ್ಸ್, ಗೋಳಿಬಜೆ, ಐಸ್‌ಕ್ರೀಮ್ ಇಟ್ಟರೆ ಕೇಳುವ ಪ್ರಶ್ನೆಯೇ ಇಲ್ಲ.

ರಂಜಾನ್ ತಿಂಗಳಿನಲ್ಲಿ ಕರೆಯುವುದಾದರೆ ಹೊತ್ತು ಮುಳುಗಿದ ಮೇಲೆ ಇಡಿ. ಎಂಟು ಹತ್ತು ವರ್ಷದ ಮಕ್ಕಳೂ ಒಂದೆರಡು ಉಪವಾಸ ಹಿಡೀತಾರೆ, ಎದುರು ಕೇಕು ಇಟ್ಟು ಒತ್ತಾಯ ಮಾಡಬೇಡಿ.

ಕಸಬಾ
ಮಾಹಿತಿ ಒಳ್ಳೆಯದು ಅಕ್ಕ. ಆದರೆ ನೀವೆಲ್ಲ ಬನ್ಸಿನಿಂದ, ರೋಲ್ ನಂಬರಿನಿಂದ ಸರಿಯಾಗುವಂಥದ್ದು ಅಂತ ಹೇಳ್ತಿದ್ದೀರಲ್ಲ, ಅಲ್ಲಿ ನನ್ನ ತಕರಾರು. ಹೆದರಿಕೆಯ ಮಾತು ಎಲ್ಲಿ? 1998ರ ಡಿಸೆಂಬರಿನ ಸುರತ್ಕಲ್ ಗಲಭೆ, 2006ರ ಮಂಗಳೂರಿನದ್ದು, 2008ರ ಸೆಪ್ಟೆಂಬರ್ 14ರ ಚರ್ಚ್ ದಾಳಿ. ಒಂದೊಂದು ಸಲವೂ ಮಿಶ್ರ ಓಣಿಯಲ್ಲಿ ಇದ್ದವರು "ನಮ್ಮವರ" ಓಣಿ ಹುಡುಕ್ತಾರೆ. ಮನೆ ಬದಲಾದ ಕೂಡಲೇ ಶಾಲೆ, ಬಸ್ಸು, ಮೈದಾನ ಎಲ್ಲ ಬದಲಾಯ್ತು. ಮಕ್ಕಳ ದೋಸ್ತಿ ತಪ್ಪಿದ್ದು ರೋಲ್ ನಂಬರಿನಿಂದ ಅಲ್ಲ. ಬಾಡಿಗೆ ಮನೆ ಕೇಳಿದಾಗ ಹೆಸರು ಕೇಳಿ "ಬೇರೆಯವರಿಗೆ ಕೊಟ್ಟಾಯ್ತು" ಅನ್ನುತ್ತಾರಲ್ಲ, ಅದರಿಂದ.

ಬೆಂಗ್ರೆ ನೋಡಿ. ಫಲ್ಗುಣಿ ಹೊಳೆಗೂ ಸಮುದ್ರಕ್ಕೂ ನಡುವೆ ಒಂದೇ ಮರಳಿನ ಪಟ್ಟಿ. ಕಸಬಾ ಬೆಂಗ್ರೆಯಲ್ಲಿ ಹೆಚ್ಚು ಮುಸ್ಲಿಮರು, ತೋಟ ಬೆಂಗ್ರೆಯಲ್ಲಿ ಹೆಚ್ಚು ಮೊಗವೀರರು. ಎರಡೂ ಕಡೆಯವರ ಕಸುಬು ಮೀನಿನದ್ದೇ, ಸಮುದ್ರ ಒಂದೇ. ಓದುವ ಮಕ್ಕಳಿಗೆ ಮನೆ ಮಾತ್ರ ಬೇರೆ ಬೇರೆ ತುದಿಯಲ್ಲಿ.

ಹಾಜರಿ ಪುಸ್ತಕ
ಹೆದರಿಕೆ ಇಲ್ಲ ಅಂತ ನಾನು ಹೇಳಲಿಲ್ಲ. ಮನೆ, ಓಣಿ ಬೇರೆಯಾದ ಮೇಲೆ ಮಕ್ಕಳು ಸೇರಲಿಕ್ಕೆ ಉಳಿದ ಜಾಗ ಕ್ಲಾಸ್‌ರೂಮ್ ಒಂದೇ. ಅಲ್ಲೂ ನಾವೇ ಬೇರೆ ಮಾಡಿದ್ರೆ ಮತ್ತೆ ಎಲ್ಲಿ ಸೇರಬೇಕು? ಅದಕ್ಕೇ ರೋಲ್ ನಂಬರ್ ನನಗೆ ಸಣ್ಣದಲ್ಲ.

ಉಡುಪಿ ಕಲ್ಸಂಕ
ಕ್ಲಾಸ್‌ರೂಮಿನಲ್ಲೂ ಹೆದರಿಕೆ ಬಂದದ್ದನ್ನು ಉಡುಪಿಯವರು ನೋಡಿದ್ದೇವೆ. ಹಿಜಾಬ್ ವಿವಾದದ ಹೊತ್ತು, 2022ರ ಫೆಬ್ರವರಿ 5ಕ್ಕೆ ಸಮವಸ್ತ್ರದ ಆದೇಶ, ಮರುವಾರ ಹೈಸ್ಕೂಲು ಕಾಲೇಜಿಗೆ ಮೂರು ದಿನ ರಜೆ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳದ್ದು ಎರಡು ಅಭಿಪ್ರಾಯ. ಹಿಜಾಬಿನ ಕುರಿತು ಯಾರ ಅಭಿಪ್ರಾಯ ಏನೇ ಇರಲಿ, ಹದಿನಾರು ಹದಿನೇಳು ವರ್ಷದ ಮಕ್ಕಳು ಒಂದೇ ಗೇಟಿನ ಎರಡು ಬದಿ ನಿಂತದ್ದು ಆಗಬಾರದಿತ್ತು. ನೋಟ್ಸ್ ಹಂಚಿಕೊಳ್ಳುವ ವಾಟ್ಸ್ಯಾಪ್ ಗುಂಪು ಒಡೆಯಲಿಕ್ಕೆ ಒಂದು ರಾತ್ರಿ ಸಾಕು.

ಅಂಥ ಹೊತ್ತಿನಲ್ಲಿ ಶಾಲೆ ಮಾಡಬಹುದಾದ್ದು: ಕ್ಲಾಸಿನ ಗುಂಪಿನಲ್ಲಿ ಪೋಸ್ಟ್ ಹಾಕುವ ಅಧಿಕಾರ ಟೀಚರಿಗೆ ಮಾತ್ರ ಇಡುವುದು, ಗುಂಪು ಮುಚ್ಚದೆ ದಿನಾ ಪಾಠದ ವಿಷಯ ಹಾಕ್ತಾ ಇರುವುದು. ಮುಚ್ಚಿದರೆ ಮಕ್ಕಳು ಎರಡು ಹೊಸ ಗುಂಪು ಮಾಡ್ತಾರೆ, ಅದು ಪುನಃ ಒಂದಾಗುವುದಿಲ್ಲ.

ಸುಗ್ಗಿ ಮಾರಿಪೂಜೆ
ಅದೇ 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲಿಕ್ಕೆ ಬಿಡಲಿಲ್ಲ. ಜಾತ್ರೆಯ ಬಳೆ, ಆಟದ ಸಾಮಾನಿನ ಅಂಗಡಿಯಲ್ಲಿ ಅಪ್ಪನೊಟ್ಟಿಗೆ ಕೂರುವ ಮಕ್ಕಳೂ, ಕೊಳ್ಳಲಿಕ್ಕೆ ಬರುವ ಮಕ್ಕಳೂ ಒಂದೇ ಶಾಲೆಯವರು. ಬಪ್ಪನಾಡಿನಲ್ಲಿ ಬಪ್ಪ ಬ್ಯಾರಿಯ ಹೆಸರು ದೇವಸ್ಥಾನಕ್ಕೇ ಅಂಟಿಕೊಂಡ ಸೀಮೆ ಇದು. ಆ ಮಕ್ಕಳಿಗೆ ಯಾವುದನ್ನು ಹೇಳುವುದು?

ಹ್ವಾಯ್ ಕುಂದಾಪ್ರ
ಹ್ವಾಯ್, ಹೆಣ್ಮಕ್ಕಳ ವಿಷ್ಯ ಯಾರೂ ಮಾತಾಡ್ಲಿಲ್ಲ ಕಾಣಿ. ಗಂಡುಮಕ್ಕಳಿಗೆ ಮೈದಾನ ಆರೂ ಇತ್ತ್. ಹೆಣ್ಮಕ್ಕಳಿಗೆ ಏಳನೇ ಕ್ಲಾಸಿಂದ ಮನೆ ಬಿಟ್ಟ್ರೆ ಶಾಲೆ, ಶಾಲೆ ಬಿಟ್ಟ್ರೆ ಮನೆ. ಬೇರೆ ಧರ್ಮದ ಮನೆಗೆ ಹೋಪುದ್ ಅಂದ್ರೆ ಅಲ್ಲಿ ಅಣ್ಣ ತಮ್ಮ ಇದ್ದ್ರ್ ಅಂತ ಮೊದಲ್ ಕೇಳ್ತ್ರ್.

ಕುಲಶೇಖರ ಟೀಚರ್
ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಹುಡುಗ ಹುಡುಗಿ ಬೇರೆ ಧರ್ಮದವರಾದರೆ ಒಟ್ಟಿಗೆ ಬಸ್ಸಿನಲ್ಲಿ ಕೂತದ್ದಕ್ಕೇ, ಒಂದು ಜ್ಯೂಸ್ ಅಂಗಡಿಗೆ ಹೋದದ್ದಕ್ಕೇ ಅಡ್ಡಗಟ್ಟುವವರು ಈ ಕರಾವಳಿಯಲ್ಲಿ ಇದ್ದಾರೆ. ಏಳು ವರ್ಷ ಒಟ್ಟಿಗೆ ಓದಿದ ದೋಸ್ತಿ ಅಂತ ಅವರು ಕೇಳುವುದಿಲ್ಲ. ಪ್ರವಾಸಕ್ಕೆ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಶಾಲೆಯ ಅನುಮತಿ ಪತ್ರ, ಮಕ್ಕಳ ಪಟ್ಟಿ, ಹೆಡ್‌ಮಾಸ್ಟರ ಫೋನ್ ನಂಬರ್ ಜೊತೆಯ ಟೀಚರ ಕೈಯಲ್ಲಿ ಇರಲಿ. ಮಕ್ಕಳಿಗೆ 112 (ತುರ್ತು ಪೊಲೀಸ್), 1098 (ಮಕ್ಕಳ ಸಹಾಯವಾಣಿ) ಎರಡೂ ಬಾಯಿಪಾಠ ಇರಲಿ. ಅಡ್ಡಗಟ್ಟಿದರೆ ವಾದ ಮಾಡದೆ, ಬಸ್ಸಿನಲ್ಲಾದರೆ ಕಂಡಕ್ಟರ ಹತ್ತಿರ, ರಸ್ತೆಯಲ್ಲಾದರೆ ಹತ್ತಿರದ ದೊಡ್ಡ ಅಂಗಡಿಗೆ ಹೋಗಿ ಅಲ್ಲಿಂದ ಫೋನು ಮಾಡಬೇಕು. ವಿಡಿಯೊ ತೆಗೆಯುವವರಿಗೆ ಹೆಸರು, ಊರು ಹೇಳಬಾರದು. ಮಕ್ಕಳಿಗೆ ಇದನ್ನು ಕಲಿಸಬೇಕಾಗಿ ಬಂದದ್ದೇ ಸಂಕಟ. ಕಲಿಸದಿದ್ದರೆ ಇನ್ನೂ ಸಂಕಟ.

ಅಂಡರ್‌ಆರ್ಮ್
ಗಂಡುಮಕ್ಕಳಿಗೆ ಮೈದಾನ ಉಂಟು ಅಂದಿರಲ್ಲ, ಅದೂ ಹೋಗ್ತಾ ಉಂಟು. ಮೊದಲು ಟೂರ್ನಮೆಂಟಿನ ಬ್ಯಾನರಿನಲ್ಲಿ "ಗ್ರಾಮ ಮಟ್ಟದ" ಅಂತ ಇರ್ತಿತ್ತು, ಈಗ ಎಷ್ಟು ಕಡೆ "ಸಮಾಜ ಬಾಂಧವರಿಗೆ ಮಾತ್ರ". ಎಲ್ಲ ಸಮುದಾಯದವರೂ ಮಾಡ್ತಾರೆ, ಒಬ್ಬರನ್ನು ಹೇಳಿ ಸುಖ ಇಲ್ಲ. ಹದಿನೈದು ವರ್ಷದ ಒಳ್ಳೆ ಬೌಲರ್ ತನ್ನ ಓಣಿಯ ತಂಡ ಬಿಟ್ಟು ತನ್ನ ಜಾತಿಯ ತಂಡಕ್ಕೆ ಹೋಗ್ತಾನೆ, ಅಲ್ಲಿ ಟೀ ಶರ್ಟು, ಟ್ರೋಫಿ, ನಗದು ಎಲ್ಲ ಉಂಟು. ಯುವಕ ಮಂಡಲದವರು ಮನಸ್ಸು ಮಾಡಿದರೆ ಆಟಗಾರರ ಹೆಸರು ಚೀಟಿ ಬರೆದು ಎತ್ತಿ ತಂಡ ಮಾಡಬಹುದು. ಹಾಗೆ ಮಾಡುವಾಗ ನಾಯಕರನ್ನು ಮೊದಲು ಆರಿಸಿ, ಆಮೇಲೆ ಬೌಲರುಗಳ ಚೀಟಿ ಬೇರೆ, ಉಳಿದವರದ್ದು ಬೇರೆ ಡಬ್ಬದಲ್ಲಿ ಹಾಕಬೇಕು. ಇಲ್ಲದಿದ್ದರೆ ಒಂದೇ ತಂಡಕ್ಕೆ ಬೌಲರುಗಳೆಲ್ಲ ಹೋಗಿ ಜಗಳ ಆಗಿ ಮರುವರ್ಷ ಯಾರೂ ಒಪ್ಪುವುದಿಲ್ಲ.

ತಡ್ಪೆ
ತಾಯಂದಿರ ಮಾತೂ ಬರಲಿ. ಬೀಡಿ ಬ್ರಾಂಚಿನ (ಕಟ್ಟಿದ ಬೀಡಿ ಕೊಡುವ ಜಾಗದ) ಜಗಲಿಯಲ್ಲಿ ಬಿಲ್ಲವ ಹೆಂಗಸರು, ಬ್ಯಾರಿ ಹೆಂಗಸರು ಒಟ್ಟಿಗೆ ಕೂತು ಕಟ್ಟು ಲೆಕ್ಕ ಕೊಡುತ್ತಿದ್ದದ್ದು, ಎಲೆ ಕಡಿಮೆ ಬಂದದ್ದಕ್ಕೆ ಒಟ್ಟಿಗೆ ಜಗಳ ಮಾಡುತ್ತಿದ್ದದ್ದು. ಅವರ ಮಕ್ಕಳಿಗೆ ಪರಿಚಯ ಅಲ್ಲಿಂದಲೇ. ಬೀಡಿ ಕಡಿಮೆಯಾಯ್ತು, ಅಂಥ ಜಗಲಿ ಇನ್ನೊಂದು ಬರಲಿಲ್ಲ.

ನೆರೆಹೊರೆ ಶಾಲೆ
ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಉಂಟಲ್ಲ ಅಕ್ಕ. ಕಾಯ್ದೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಉಂಟು. ಮೀಟಿಂಗನ್ನು ಶುಕ್ರವಾರ ಮಧ್ಯಾಹ್ನ ಇಟ್ಟರೆ ಬ್ಯಾರಿ ಗಂಡಸರು ಬರುವುದಿಲ್ಲ, ಬೆಳಿಗ್ಗೆ ಇಟ್ಟರೆ ಮೀನು ಮಾರುವ, ಕೂಲಿಯ ಹೆಂಗಸರು ಬರುವುದಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಇಟ್ಟರೆ ಹೆಚ್ಚು ಜನ ಸೇರ್ತಾರೆ.

ಹೊಳೆಬದಿ
ಕಸಬಾದವರು ಹೇಳಿದ ಹೆದರಿಕೆಗೆ ನನ್ನ ಹತ್ತಿರ ಮದ್ದಿಲ್ಲ. ಕೋರ್ಟುಗುಡ್ಡೆಯವರ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರಬೇಕಾದ್ದು ಅಂತ ಈಗ ಅನ್ನಿಸ್ತಾ ಉಂಟು. ಜೂನಿಗೆ ಮೊದಲು ಆಗುವಂಥದ್ದು ರೋಲ್ ನಂಬರ್, ಮೊಟ್ಟೆಯ ಸಾಲು, ಸ್ಕಾಲರ್‌ಶಿಪ್ ಚೀಟಿ. ಹಾಜರಿ ಪುಸ್ತಕದವರೇ, ಸ್ಯಾಟ್ಸ್‌ನಲ್ಲಿ (ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ) ಹೆಸರಿನ ಕ್ರಮ ಬೇರೆ ಇದ್ದರೆ ತೊಂದರೆ ಆಗ್ತದಾ?

ಹಾಜರಿ ಪುಸ್ತಕ
ಇಲ್ಲ. ಅಲ್ಲಿ ಮಗುವನ್ನು ಗುರುತಿಸುವುದು ಅದರ ಸ್ಯಾಟ್ಸ್ ನಂಬರಿನಿಂದ. ಕ್ಲಾಸಿನ ಪುಸ್ತಕದಲ್ಲಿ ನೀವು ಹಾಕುವ ಕ್ರಮ ನಿಮ್ಮದು. ಸ್ಯಾಟ್ಸ್ ನಂಬರಿಗೆ ಒಂದು ಕಾಲಂ ಪಕ್ಕದಲ್ಲಿ ಹಾಕಿಕೊಳ್ಳಿ, ಅಂಕ ತುಂಬಿಸುವಾಗ ಹುಡುಕಲಿಕ್ಕೆ ಸುಲಭ. ಹುಡುಗರು ಮೊದಲು, ಹುಡುಗಿಯರು ಕೊನೆಗೆ ಅಂತ ಮಾಡಬೇಡಿ, ಬೆರೆಸಿಯೇ ಬರೆಯಿರಿ.

ಕಾಪು ಲೈಟ್‌ಹೌಸ್
ಜೂನ್ 1ಕ್ಕೆ ಹುಟ್ಟಿದವರು ಒಂದು ಕ್ಲಾಸಿನಲ್ಲಿ ಐದಾರು ಜನ ಬಂದರೆ?

ಹಾಜರಿ ಪುಸ್ತಕ
ಅದು ಮೇಷ್ಟ್ರು ಅಂದಾಜಿಗೆ ಬರೆಯುತ್ತಿದ್ದ ಕಾಲದ್ದು ಅಣ್ಣ. ಈಗ ಜನನ ಪ್ರಮಾಣಪತ್ರ ತರ್ತಾರೆ. ಒಂದೇ ತಾರೀಕಿನವರು ಇಬ್ಬರು ಸಿಕ್ಕಿದರೆ ಚೀಟಿ ಎತ್ತಿಸಿ.